ಕಾರು ಹಳೇದು, ಎಸ್ಟಿಮೇಟು 38 ಸಾವಿರ!

ಭಾನುವಾರ ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಮುಂದೆ ಒಂದು ಟೂರಿಸ್ಟ್ ಬಸ್ಸು, ಅದರ ಹಿಂದೆ ಸಾಲುಸಾಲು ಕಾರು, ಎಲ್ಲರೂ ಫಸ್ಟ್ ಗೇರು, ಸೆಕೆಂಡ್ ಗೇರು.

"ಯಾಕೇ, ಎಸಿ ಬಿಸಿಗಾಳಿ ಬಿಡ್ತಿದೆ?" ಅಂದಳು ಅಮ್ಮ.

ಆಗಲೇ ನಾನು ಮೀಟರ್ ಕಡೆ ನೋಡಿದ್ದು. ಟೆಂಪರೇಚರ್ ಸೂಜಿ ಮೇಲಿನ ಕೆಂಪು ಗೆರೆ ಮುಟ್ಟುವುದರಲ್ಲಿತ್ತು. ಕಾರನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ನಿಂತೆ. ಅಮ್ಮ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತಳು. ಮುಕ್ಕಾಲು ಗಂಟೆ. ಹೋಗುವವರೆಲ್ಲ ನಮ್ಮನ್ನು ನೋಡಿಕೊಂಡೇ ಹೋದರು.

ಅಮ್ಮನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಅಣ್ಣ ಬೆಂಗಳೂರಲ್ಲಿ, ಮನೆಯಲ್ಲಿ ನಾವಿಬ್ಬರೇ. ರಾತ್ರಿ ಹನ್ನೊಂದು ಗಂಟೆಗೆ ಏನಾದರೂ ಆದರೆ ಆಟೋ ಹುಡುಕುತ್ತಾ ರಸ್ತೆಯಲ್ಲಿ ನಿಲ್ಲಬಾರದು ಅಂತಲೇ ಈ ಸೆಕೆಂಡ್‌ಹ್ಯಾಂಡ್ ಕಾರು ತಗೊಂಡಿದ್ದು. 2012ರ ಮಾಡೆಲ್, ಕೊಟ್ಟಿದ್ದು 1,55,000 ರೂಪಾಯಿ. ಮೀಟರಿನಲ್ಲಿ ಈಗ 1,68,000 ಕಿ.ಮೀ. ಆ ಕಾರೇ ಬೆಟ್ಟದ ಅರ್ಧದಲ್ಲಿ ನಿಂತರೆ?

ಸೋಮವಾರ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಅದರ ಒಳಭಾಗ ತೋರಿಸಿದರು. ಬೆಣ್ಣೆಯಂಥ ಬಿಳಿ ಕೆನೆ ಅಂಟಿಕೊಂಡಿತ್ತು. "ನೋಡಿ ಮೇಡಂ, ಆಯಿಲ್‌ಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ ಬಿಚ್ಚಬೇಕು, ಮೂವತ್ತೆಂಟು ಸಾವಿರ ಆಗುತ್ತೆ. ಮನೇಲಿ ಯಾರಾದ್ರೂ ಗಂಡಸರಿದ್ರೆ ಕಳ್ಸಿ, ಮಾತಾಡ್ತೀನಿ."

ಆ ಕೊನೆ ಮಾತು ಇನ್ನೂ ಕಿವಿಯಲ್ಲಿದೆ. ಇರಲಿ.

ಅಣ್ಣನಿಗೆ ಫೋನ್ ಮಾಡಿದರೆ "ಮಾರಾಕ್ಬಿಡು" ಅಂದ. ಯಾರಿಗೆ ಮಾರಲಿ? ಗ್ಯಾಸ್ಕೆಟ್ ಹೋಗಿದೆ ಅಂತ ಹೇಳಿ ಮಾರಿದರೆ ಗುಜರಿ ಬೆಲೆ, ಹೇಳದೆ ಮಾರಿದರೆ ಪಾಪ.

ಯಾವಾಗ ಬಿಸಿ ಆಗುತ್ತೆ?

ಮನೆ ಹತ್ತಿರ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಹುಡುಗನಾಗಿದ್ದಾಗ ಯೆಜ್ಡಿ ಬಿಚ್ಚಿ ಬಿಚ್ಚಿ ಕೆಲಸ ಕಲಿತವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ಗಾಡಿಗಳು ನಮ್ಮೂರಲ್ಲಿ ಇವತ್ತಿಗೂ ಓಡಾಡುತ್ತಿರುವುದು ಇಂಥವರ ಕೈಗುಣದಿಂದಲೇ.

ಅವರು ಬಾನೆಟ್ ಎತ್ತಲೇ ಇಲ್ಲ. ಸ್ಟೂಲ್ ಎಳೆದುಕೊಂಡು ಕೂತು ಕೇಳಿದರು: "ಯಾವಾಗ ಬಿಸಿ ಆಗುತ್ತಮ್ಮ? ಓಡ್ತಾ ಇದ್ದಾಗಲೋ, ನಿಂತಾಗಲೋ?"

ಯೋಚಿಸಿದೆ. ಹಿಂದಿನ ವಾರವಷ್ಟೇ ಬೆಂಗಳೂರಿಗೆ ಹೋಗಿ ಬಂದಿದ್ದೆ. 118 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ ಸೂಜಿ ಅರ್ಧದಿಂದ ಅಲುಗಾಡಿರಲಿಲ್ಲ. ಆದರೆ ಸಂಜೆ ಆರಕ್ಕೆ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಬರುವಾಗ ಒಂದೆರಡು ಸಲ ಸ್ವಲ್ಪ ಮೇಲೇರಿದ್ದು ನೆನಪಾಯಿತು.

"ಎಸಿ?"

"ಓಡ್ತಾ ಇದ್ದಾಗ ತಣ್ಣಗಿರುತ್ತೆ. ನಿಂತರೆ ಬಿಸಿ."

"ಹಂಗಾದ್ರೆ ಗ್ಯಾಸ್ಕೆಟ್ ತಂಟೆಗೆ ಆಮೇಲೆ ಹೋಗೋಣ. ಮೊದಲು ಫ್ಯಾನ್ ನೋಡೋಣ."

ವಿಷಯ ಇಷ್ಟೇ. ಇಂಜಿನ್ನಿನ ಬಿಸಿಯನ್ನು ಕೂಲಂಟ್ ಹೊತ್ತು ರೇಡಿಯೇಟರಿಗೆ ತರುತ್ತದೆ. ಕಾರು ಜೋರಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿನ ಹಂಗಿಲ್ಲ. ನಿಂತಾಗ, ಅಥವಾ ಬೆಟ್ಟದಲ್ಲಿ ತೆವಳುವಾಗ ಗಾಳಿ ಎಳೆಯುವುದು ಫ್ಯಾನ್ ಮಾತ್ರ. ಎಸಿಯ ಕಂಡೆನ್ಸರ್ ಇರುವುದೂ ರೇಡಿಯೇಟರಿನ ಮುಂದೆಯೇ, ಹಾಗಾಗಿ ಫ್ಯಾನ್ ಕೈಕೊಟ್ಟರೆ ಎರಡೂ ಒಟ್ಟಿಗೆ ಮುನಿಸಿಕೊಳ್ಳುತ್ತವೆ. ಅದೇ ಹೈವೇಯಲ್ಲಿ ಬಿಸಿಯಾಗಿ ಊರೊಳಗೆ ಸರಿಯಿದ್ದರೆ ಕತೆ ಬೇರೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ವಾಟರ್ ಪಂಪ್ ಸೋತಿರಬಹುದು.

ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿಸಿದರು. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಫ್ಯೂಸ್ ಸರಿ ಇತ್ತು. ರಿಲೇ ತೆಗೆದು ಅದೇ ಬಾಕ್ಸಿನಲ್ಲಿದ್ದ ಅದೇ ನಮೂನೆಯ ಹಾರ್ನ್ ರಿಲೇ ಹಾಕಿ ನೋಡಿದರು. ಊಹೂಂ. ಬ್ಯಾಟರಿಯಿಂದ ನೇರ ಎರಡು ವೈರ್ ಎಳೆದು ಫ್ಯಾನಿಗೆ ಕೊಟ್ಟರು, ಆಗಲೂ ಸುಮ್ಮನಿತ್ತು. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿಗೆ ಮೆಲ್ಲಗೆ ಎರಡು ತಟ್ಟಿದರು ನೋಡಿ, ಗುರ್ರ್ ಅಂತ ತಿರುಗಿತು!

ಮೋಟರಿನೊಳಗಿನ ಕಾರ್ಬನ್ ಬ್ರಷ್ ಸವೆದಿತ್ತು. ಹೊಸ ಫ್ಯಾನ್ ಮೋಟರ್, ಕೂಲಿ, ಹೊಸ ಕೂಲಂಟ್ ಎಲ್ಲ ಸೇರಿ 3,900 ರೂಪಾಯಿ.

"ಆ ಬಿಳಿ ಕೆನೆ?" ಅಂತ ಕೇಳಿದೆ. ನನ್ನ ಮನೆ ವಿಜಯನಗರ, ಆಫೀಸು ಹೆಬ್ಬಾಳ. ಹತ್ತು ಹದಿನೈದು ನಿಮಿಷದ ದಾರಿ. ಮಳೆಗಾಲದಲ್ಲಿ ಇಂಜಿನ್ ಪೂರ್ತಿ ಕಾಯುವ ಮೊದಲೇ ಆಫ್ ಮಾಡಿಬಿಡುತ್ತೇನೆ. ಒಳಗಿನ ತೇವ ಆವಿಯಾಗಿ ಹೋಗದೆ ತಣ್ಣಗಿರುವ ಮುಚ್ಚಳಕ್ಕೆ ಆಯಿಲ್ ಜೊತೆ ಸೇರಿ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ತೋರಿಸಿದರು, ಅದರಲ್ಲಿನ ಆಯಿಲ್ ಶುದ್ಧವಾಗಿತ್ತು.

ಹಾಗಂತ ಗ್ಯಾಸ್ಕೆಟ್ ಯಾವತ್ತೂ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ, ಎಲ್ಲೂ ಸೋರದೆ ಕೂಲಂಟ್ ಕಮ್ಮಿಯಾಗುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಪೈಪು ಕಲ್ಲಿನಂತೆ ಬಿಗಿದರೆ, ಆಗ ಖರ್ಚಿಗೆ ಸಿದ್ಧರಾಗಿ.

ಇನ್ನೊಂದು ಮಾತು, ನಾನು ಬೆಟ್ಟದ ಮೇಲೆ ಮಾಡಲು ಹೋಗಿದ್ದ ತಪ್ಪು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು. ಒಳಗೆ ಒತ್ತಡದಲ್ಲಿ ಕುದಿಯುತ್ತಿರುವುದು ಮುಖಕ್ಕೇ ಹಾರುತ್ತದೆ. ನಿಲ್ಲಿಸಲು ಜಾಗ ಸಿಗುವವರೆಗೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಬ್ಲೋವರ್ ಜೋರು ಮಾಡಿ. ಸೆಖೆಗೆ ಜೀವ ಹೋಗುತ್ತೆ, ಆದರೆ ಇಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ.

ಡ್ಯಾಶ್‌ಬೋರ್ಡಿನಲ್ಲೊಂದು ನೋಟ್‌ಬುಕ್

ಅವತ್ತಿನಿಂದ ಕಾರಿನಲ್ಲಿ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಶಬ್ದ, ಯಾವಾಗ, ಎಷ್ಟು ಕಿ.ಮೀ.ನಲ್ಲಿ. ಫೋನಿನಲ್ಲೂ ಬರೆಯಬಹುದು, ಆದರೆ ಮೆಕ್ಯಾನಿಕ್ ಕೈಗೆ ಫೋನ್ ಕೊಡುವುದಕ್ಕಿಂತ ಇದು ಸಲೀಸು.

ಬರೆಯುತ್ತಾ ಹೋದರೆ ಕಿವಿ ತಾನಾಗಿ ಚುರುಕಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ ಟಕಟಕ ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟ್. ವೇಗದ ಜೊತೆ ಏರುವ ಗುಂಯ್ ಶಬ್ದ, ತಿರುವಿನಲ್ಲಿ ಹೆಚ್ಚುಕಮ್ಮಿ ಆಗುತ್ತಿದ್ದರೆ ವೀಲ್ ಬೇರಿಂಗ್. ಹಂಪ್ ಮೇಲೆ ಲೊಟಲೊಟ ಅಂದರೆ ಲಿಂಕ್ ರಾಡ್ ಅಥವಾ ಬುಷ್. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕಿರುಚಿ, ಕಾರು ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಮುಗಿಯಿತು ಅಂತ ಲೆಕ್ಕ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಒಂದು ಮಲ್ಟಿಮೀಟರ್ ಕೂಡ ತಗೊಂಡೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ಇರಬೇಕು. ಇಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ. ಓಡುವಾಗಲೂ 12ರಲ್ಲೇ ಇದ್ದರೆ ಬ್ಯಾಟರಿ ಬದಲಿಸಿ ದುಡ್ಡು ಕಳೆಯಬೇಡಿ, ಆಲ್ಟರ್ನೇಟರ್ ನೋಡಿಸಿ.

ಬ್ಲೂಟೂತಿನ ಓಬಿಡಿ ಸ್ಕ್ಯಾನರ್ ಬಗ್ಗೆ ಗೆಳೆಯರೆಲ್ಲ ಹೇಳುತ್ತಾರೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಬಿಎಸ್-4 ಕಾರುಗಳಿಗೆ ಓಬಿಡಿ-2 ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಿಂದ, ಅದಕ್ಕೂ ಹಿಂದಿನ ಕಾರುಗಳಲ್ಲಿ ಅದು ಅರ್ಧಂಬರ್ಧ ಓದುತ್ತದೆ. ಮೇಲಾಗಿ ಕೋಡ್ ಹೇಳುವುದು ಲಕ್ಷಣವನ್ನು, ರೋಗವನ್ನಲ್ಲ. ಪಿ0171 ಬಂತು ಅಂದರೆ ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಹೋಗುತ್ತಿದೆ ಅಂತ ಅಷ್ಟೇ. ಅದಕ್ಕೆ ಕಾರಣ ಬಿರುಕುಬಿಟ್ಟ ಒಂದು ರಬ್ಬರ್ ಪೈಪೂ ಆಗಿರಬಹುದು. ಕೋಡ್ ನೋಡಿದ ತಕ್ಷಣ ಸೆನ್ಸರ್ ಆರ್ಡರ್ ಮಾಡುವವರನ್ನು ಕಂಡರೆ ನಮ್ಮ ಮೆಕ್ಯಾನಿಕ್ ನಗುತ್ತಾರೆ.

ಉಳಿಸಿದ ದುಡ್ಡು ಉಳಿಯಲಿಲ್ಲ

ಫ್ಯಾನ್ ಸರಿಹೋದ ಖುಷಿಯಲ್ಲಿ ಹೊರಟರೆ ಅವರು ತಡೆದರು. "ಟೈಮಿಂಗ್ ಬೆಲ್ಟ್ ಬದಲಾಯಿಸಿರೋ ಬಿಲ್ ಇದೆಯಾ?"

ಇರಲಿಲ್ಲ. ಹಳೇ ಓನರ್ ಕೊಟ್ಟ ಫೈಲಿನಲ್ಲಿ ಇನ್ಶೂರೆನ್ಸ್ ಪೇಪರ್ ಬಿಟ್ಟರೆ ಬೇರೇನೂ ಇರಲಿಲ್ಲ. ಕೆಲವು ಇಂಜಿನ್ನುಗಳಲ್ಲಿ ಚೈನ್ ಇರುತ್ತದೆ, ನನ್ನದರಲ್ಲಿ ರಬ್ಬರ್ ಬೆಲ್ಟ್. ಅದು ಹರಿಯುವ ಮುಂಚೆ ಶಬ್ದ ಮಾಡಿ ಹೇಳಿಹೋಗುವ ಗ್ಯಾರಂಟಿ ಇಲ್ಲ. ಹರಿದರೆ ಬಹಳಷ್ಟು ಇಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಒಳಗೆಲ್ಲ ಪುಡಿಪುಡಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ತಿಳಿಯಬೇಕು. ಬೆಲ್ಟು, ಅದರ ಟೆನ್ಷನರು, ಹಿಂದೆಯೇ ಇರುವ ವಾಟರ್ ಪಂಪ್ ಸೇರಿ 7,200 ಆಯಿತು. ಯಾವ ತೊಂದರೆಯೂ ಕಾಣದ ಜಾಗಕ್ಕೆ ಅಷ್ಟು ಸುರಿಯಲು ಹೊಟ್ಟೆ ಉರಿಯಿತು, ನಿಜ. ಅಮ್ಮನ ಮುಖ ನೆನೆದು ಸುರಿದೆ.

ಬ್ರೇಕ್ ಫ್ಲೂಯಿಡ್ ಕಪ್ಪಾಗಿತ್ತು, ಬದಲಾಯಿತು. ಅದು ಗಾಳಿಯ ತೇವ ಹೀರುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಹೊಸದು ಹಾಕುವುದು ವಾಸಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ನನ್ನದರಲ್ಲಿ 2316 ಅಂತಿತ್ತು. 2016ರ 23ನೇ ವಾರ! ಗುಂಡಿಗಳು ಚೆನ್ನಾಗಿಯೇ ಇದ್ದವು, ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಆ ಟೈರಿನಲ್ಲೇ ನಾನು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರಲ್ಲಿ ಹೋಗಿದ್ದೆ.

ಈಗ ಪೆಟ್ರೋಲಿಗೆ 20% ಎಥನಾಲ್ ಸೇರುತ್ತಿದೆ. ಹಳೇ ಕಾರುಗಳು ಅದಕ್ಕಾಗಿ ಮಾಡಿದವಲ್ಲ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವೀಸಿನಲ್ಲೂ ನೋಡಿಸುತ್ತೇನೆ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂರುವುದಿಲ್ಲ, ಕಾರು ಅಲ್ಲೇ ನಿಲ್ಲುತ್ತದೆ.

ಎಲ್ಲಿಯವರೆಗೆ ಹೀಗೆ? 2027ಕ್ಕೆ ಆರ್‌ಸಿಗೆ 15 ವರ್ಷ ತುಂಬುತ್ತದೆ. ಆಗ ಆರ್‌ಟಿಓಗೆ ಒಯ್ದು ಫಿಟ್‌ನೆಸ್ ತೋರಿಸಿ ನವೀಕರಿಸಿದರೆ ಇನ್ನೈದು ವರ್ಷ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದರೆ ಈಗ 10,000. ತೆರಿಗೆ ಬೇರೆ. ಅಷ್ಟರಲ್ಲಿ ಕೆಳಗಿನ ಚಾಸಿಗೆ ತುಕ್ಕು ಹತ್ತಿದರೆ ನಾನೂ ಹಟ ಹಿಡಿಯುವುದಿಲ್ಲ. ಇಂಜಿನ್ ಬದಲಿಸಬಹುದು, ಕೊಳೆತ ಎಲುಬು ಬದಲಿಸಲಾಗದು. ಸದ್ಯಕ್ಕೆ ಲಿಫ್ಟಿಗೆ ಏರಿಸಿ ನೋಡಿದ್ದೇವೆ, ಗಟ್ಟಿಯಿದೆ. ತಿಂಗಳಿಗೆ 1,500 ರೂಪಾಯಿ ಅದರ ಹೆಸರಿಗೆ ಬೇರೆ ಅಕೌಂಟಿನಲ್ಲಿ ಎತ್ತಿಡುತ್ತಿದ್ದೇನೆ.

ಹೋದ ವಾರ ಅಮ್ಮನ ಚೆಕಪ್ ಇತ್ತು. ಮುಗಿಸಿ ಬರುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದೆವು, ಎಸಿ ತಣ್ಣಗೆ ಬೀಸುತ್ತಿತ್ತು. ಮುಂದಿನಿಂದ ಗುರ್ರ್ ಅಂತ ಶುರುವಾಯಿತು.

ಅಮ್ಮ ಗಾಬರಿಯಿಂದ ನನ್ನ ಕೈ ಹಿಡಿದಳು. "ಏನೋ ಶಬ್ದ ಬರ್ತಿದೆಯಲ್ಲೇ?"

"ಬರ್ಲಿ ಬಿಡಮ್ಮ. ಅದು ಬರ್ಲೇಬೇಕು."