ಕುಂಡಗಳಲ್ಲಿ ಚಹದ ಸೊಪ್ಪಿನ ಬೇಸಾಯ

ಹಾವೇರಿ, ರಾಣೇಬೆನ್ನೂರ, ಬ್ಯಾಡಗಿ ತಾಲೂಕುಗಳಲ್ಲಿ ಚಹಕ್ಕೂ ಕಷಾಯಕ್ಕೂ ಬೇಕಾಗುವ ತುಳಸಿ, ಪುದೀನ, ಮಜ್ಜಿಗೆಹುಲ್ಲು ಇವುಗಳನ್ನು ಸಂತೆಯಿಂದ ಕೊಂಡು ತರುವ ಕಾರಣವಿಲ್ಲ. ಹಿತ್ತಲಲ್ಲಿ ನಾಲ್ಕು ಕುಂಡಗಳಿಗೆ ಸ್ಥಳವಿದ್ದರೆ ಒಂದು ಮನೆತನಕ್ಕೆ ಸಾಕಾಗುವಷ್ಟು ಸೊಪ್ಪು ದೊರೆಯುವದು. ಹಾವೇರಿಯು ಏಲಕ್ಕಿಯ ಮಾಲೆಗಳಿಗೆ ಹೆಸರಾಗಿದ್ದರೂ ಏಲಕ್ಕಿಯು ಈ ಬಯಲುಸೀಮೆಯ ಬೆಳೆಯಲ್ಲ. ಮಲೆನಾಡಿನ ನೆರಳನ್ನೂ ತಂಪನ್ನೂ ಬೇಡುವ ಆ ಗಿಡವನ್ನು ಕುಂಡದಲ್ಲಿ ಬೆಳೆಯಿಸುವ ಹಟವು ವ್ಯರ್ಥವಾದದ್ದು.

ಕುಂಡದ ಗಿಡವು ನೀರಿನ ಕೊರತೆಯಿಂದ ಸಾಯುವದಕ್ಕಿಂತ ನೀರು ನಿಲ್ಲುವದರಿಂದ ಸಾಯುವದೇ ಹೆಚ್ಚು. ಹತ್ತಿಗೂ ಮೆಣಸಿನಕಾಯಿಗೂ ಉತ್ತಮವಾದ ಎರೆಮಣ್ಣು ಕುಂಡಕ್ಕೆ ತಕ್ಕುದಲ್ಲ. ತೋಯ್ದರೆ ಅದು ಉಬ್ಬಿ ಬೇರುಗಳಿಗೆ ಗಾಳಿಯಾಡದಂತೆ ಮಾಡುವದು. ಒಣಗಿದರೆ ಕುಗ್ಗಿ ಕುಂಡದ ಅಂಚನ್ನು ಬಿಡುವದು, ಆಗ ಹಾಕಿದ ನೀರೆಲ್ಲವೂ ಆ ಬಿರುಕಿನಿಂದ ಕೆಳಗಿಳಿದು ಹೋಗುವದು. ಆದಕಾರಣ ಮಸಾರಿ ಮಣ್ಣು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ 1 ಪಾಲು, ಹಳ್ಳದ ಉಸುಕು 1 ಪಾಲು ಕೂಡಿಸತಕ್ಕದ್ದು. ತಳದಲ್ಲಿ ರಂಧ್ರವಿರಬೇಕು; ಅದರ ಮೇಲೆ ಹೆಂಚಿನ ಚೂರನ್ನು ಬೋರಲು ಇಟ್ಟರೆ ಮಣ್ಣು ಸೋರದೆ ನೀರು ಮಾತ್ರ ಹೊರಡುವದು.

ಕುಂಡವೆಂದರೆ ಕುಂಬಾರನ ಕುಂಡವೇ ಆಗಬೇಕೆಂದಿಲ್ಲ. ಒಡಕು ಹರವಿ, ಅಡಿಗೆಯ ಎಣ್ಣೆಯ ಹಳೆಯ ಡಬ್ಬಿ ಇವು ನಡೆಯುವವು. ಆದರೆ ಹೊಲಕ್ಕೆ ಸಿಂಪಡಿಸಿದ ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಉಪಯೋಗಿಸಲಾಗದು. ಮೆಣಸಿನ ಎಲೆಮುರುಟು ರೋಗವನ್ನು ಹರಡುವ ನುಸಿಗಳಿಗಾಗಿಯೂ, ಹತ್ತಿಯ ಹುಳಗಳಿಗಾಗಿಯೂ ಈ ಭಾಗದಲ್ಲಿ ಸಿಂಪಡಿಕೆ ಬಹಳ. ಡಬ್ಬಿಗಳು ಬದುವಿನ ಮೇಲೆಯೇ ಬಿದ್ದಿರುವವು. ಅವು ಗಟ್ಟಿಯಾಗಿಯೂ ಮುಚ್ಚಳವುಳ್ಳವಾಗಿಯೂ ಇರುವದರಿಂದ ಕೂಲಿಯವರು ಮನೆಗೆ ಒಯ್ಯುವದು ಸಹಜವೇ. ಪ್ಲಾಸ್ಟಿಕ್ಕಿನೊಳಗೆ ಇಂಗಿದ ವಿಷವು ತೊಳೆಯುವದರಿಂದ ಪೂರ್ಣವಾಗಿ ಹೋಗಲಾರದು. 2013ನೆಯ ಇಸವಿಯ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತಪಟ್ಟರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಕಂಡುಬಂದಿತು. ಅದರ ಡಬ್ಬಿಯಲ್ಲಿ ಎಣ್ಣೆಯನ್ನು ಇಟ್ಟದ್ದೇ ಕಾರಣವಿರಬೇಕೆಂದು ಅಧಿಕಾರಿಗಳು ಅಂದು ಹೇಳಿದರು.

ಇಂಥ ಡಬ್ಬಿಗಳನ್ನು ಪುನಃ ಉಪಯೋಗಿಸಲು ಎಡೆಯಾಗುವಂತೆ ಹೊರಗೆ ಬಿಡಕೂಡದೆಂದೂ, ಒಡೆದು ವಸತಿಯಿಂದ ದೂರದಲ್ಲಿ ಹೂಳಬೇಕೆಂದೂ 1971ರ ಕೀಟನಾಶಕ ನಿಯಮಗಳಲ್ಲಿಯೇ ಹೇಳಿದೆ. ಜಮೀನುದಾರರು ಸಿಂಪಡಿಸಿದ ದಿನವೇ ಡಬ್ಬಿಗಳನ್ನು ಎಣಿಸಿ ತಮ್ಮೆದುರಿಗೆ ಒಡೆಯಿಸುವದು ಲೇಸು. ಊರ ಪ್ರಮುಖರು ಈ ಮಾತನ್ನು ಚಾವಡಿಯಲ್ಲಿ ತಿಳಿಸಿದರೆ ಓದುಬಾರದವರಿಗೂ ಮುಟ್ಟುವದು. ಕುಂಡಗಳನ್ನು ಕೂಡ ಹೊಲದ ಕಡೆಯ ಗಾಳಿ ಬೀಸುವಲ್ಲಿ ಇಡದೆ ಗೋಡೆಯ ಮರೆಗೆ ಇಡತಕ್ಕದ್ದು. ಈ ಸೊಪ್ಪನ್ನು ದಿನಾಲು ಹಸಿಯಾಗಿಯೇ ಚಿವುಟುವರಷ್ಟೆ.

ಮಜ್ಜಿಗೆಹುಲ್ಲಿಗೆ ಒಂದು ಅಡಿ ಅಗಲ, ಅಷ್ಟೇ ಆಳದ ಕುಂಡ ಬೇಕು. ನೆರೆಯವರ ಹಿಂಡಿನಿಂದ ಬೇರುಸಹಿತ ಎರಡು ಮೂರು ಕಂದು ಕಿತ್ತು ಮುಂಗಾರಿನಲ್ಲಿ ನೆಟ್ಟರೆ ಮೂರು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುವದು. ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು. ಎಲೆಯ ಅಂಚು ಹರಿತವಾದ್ದರಿಂದ ಮಕ್ಕಳ ಕೈಗೆ ಕೊಡುವ ಕೆಲಸವಲ್ಲ. ಪುದೀನಕ್ಕೆ ಆಳ ಬೇಡ, ಅಗಲವಾದ ಬಾಯಿ ಬೇಕು. ಕಾಂಡದ ತುಂಡು ಊರಿದರೆ ಬೇರೊಡೆಯುವದು. ಬೇರೆ ಗಿಡದ ಜೊತೆಗೆ ನೆಟ್ಟರೆ ಅದನ್ನೇ ಮುಚ್ಚಿಬಿಡುವದು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಅದಕ್ಕೆ ತಡೆಯದು. ತುಳಸಿಯ ಹೂತೆನೆಗಳನ್ನು ಚಿವುಟುತ್ತ ಹೋದರೆ ಎಲೆಗಳು ಹೆಚ್ಚುವವು. ಪೂಜೆಯ ಕಟ್ಟೆಯ ಗಿಡವನ್ನು ಬಿಟ್ಟು ಬೇರೊಂದನ್ನು ಇದಕ್ಕಾಗಿ ಇಡುವದು ಅನುಕೂಲ.

ಬ್ಯಾಡಗಿಯವರಿಗೆ ಮೆಣಸಿನಕಾಯಿಯನ್ನು ಬಿಸಿಲಿನ ಕಣದಲ್ಲಿ ಒಣಗಿಸಿ ರೂಢಿ; ಸೊಪ್ಪನ್ನು ಹಾಗೆ ಒಣಗಿಸಲಾಗದು. ಇದರ ಪರಿಮಳವೆಲ್ಲವೂ ಬೇಗನೆ ಹಾರಿಹೋಗುವ ತೈಲದಲ್ಲಿರುವದು. ಮಜ್ಜಿಗೆಹುಲ್ಲಿನಲ್ಲಿರುವ ಸಿಟ್ರಾಲು ಲಿಂಬೆಯ ಸಿಪ್ಪೆಯಲ್ಲಿಯೂ ಉಂಟು, ವಾಸನೆ ಒಂದೇ ತೆರನಾಗಿರುವದು ಅದರಿಂದಲೇ. ಆದ್ದರಿಂದ ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ ತೆಳ್ಳಗೆ ಹರವಿ, ಎಲೆಯು ಮುರುಕುವಂತಾದ ಮೇಲೆ ಬಿಗಿಯಾದ ಭರಣಿಯಲ್ಲಿ ತುಂಬಿಡಬೇಕು. ಚಹ ಮಾಡುವಾಗಲೂ ನೀರು ಕುದಿದ ಮೇಲೆ ಸೊಪ್ಪು ಹಾಕಿ, ಕೆಳಗಿಳಿಸಿ, ಐದು ನಿಮಿಷ ಮುಚ್ಚಿಡತಕ್ಕದ್ದು.