ಒತ್ತಿದ್ದೆಲ್ಲ ಸೌದೆಯಲ್ಲ, ಒತ್ತಿದ್ದೆಲ್ಲ ಮೇವಲ್ಲ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಳೆಗಾಲವೆಂದರೆ ಹೊಗೆಸೊಪ್ಪು ಬೇಯಿಸುವ ಕಾಲ. ಒಂದು ಕಿಲೋ ಒಣಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕೆಂಬುದು ಇಲ್ಲಿನ ರೂಢಿಯ ಲೆಕ್ಕ. ತಂಬಾಕು ಮಂಡಳಿ ಹಲವು ವರ್ಷ ಕರ್ನಾಟಕಕ್ಕೆ ನಿಗದಿ ಮಾಡಿದ ಬೆಳೆಯ ಮಿತಿ 10 ಕೋಟಿ ಕಿಲೋ. ಗುಣಿಸಿ ನೋಡಿದರೆ ವರ್ಷಕ್ಕೆ ನಾಲ್ಕೈದು ಲಕ್ಷ ಟನ್ ಸೌದೆ! ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಹೊಲದ ಬದುವಿನ ಮರ ಎಲ್ಲವೂ ಬ್ಯಾರನ್ (ಸೊಪ್ಪು ಬೇಯಿಸುವ ಮನೆ) ಒಲೆಗೆ. ಮಗ್ಗುಲಲ್ಲೇ ನಾಗರಹೊಳೆ ಕಾಡಿದೆ. ತಂಬಾಕು ಬೆಳೆಯಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಬೇಯಿಸುವಷ್ಟು ವರ್ಷ ಏನನ್ನು ಉರಿಸುತ್ತೇವೆ ಎಂಬುದನ್ನು ಮಾತ್ರ ಮುಂದೂಡಲಾಗದು.

ಇದೇ ಸೀಮೆಯಲ್ಲಿ ಒತ್ತಿ ಗಟ್ಟಿ ಮಾಡಬಹುದಾದ ಉಳಿಕೆಗೆ ಕೊರತೆಯಿಲ್ಲ. ಕೆ.ಆರ್. ನಗರದ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪ್ ಮತ್ತು ಸುತ್ತಲ ಊರುಗಳ ಮುಸುಕಿನ ಜೋಳದ ಬೆಂಡು, ಕೋಟೆ ಕಡೆಯ ಹತ್ತಿಕಡ್ಡಿ, ಹುಣಸೂರಿನ ಮರದ ಮಿಲ್ಲುಗಳ ಪುಡಿ, ಕಾವೇರಿಯ ಆಚೆ ದಡದ ಕುಶಾಲನಗರದಿಂದ ಕಾಫಿ ಹೊಟ್ಟು. ಒತ್ತಿದ ದಿಮ್ಮಿಗೆ ಬ್ರಿಕೆಟ್ ಎನ್ನುತ್ತಾರೆ, ಸಣ್ಣದಕ್ಕೆ ಪೆಲೆಟ್ ಅಥವಾ ಗುಳಿಗೆ. ಇವು ಸೌದೆಯ ಹೊರೆ ಇಳಿಸಬಲ್ಲವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಪ್ಪು ನಂಬಿಕೆಯಿಂದ ಕೊಂಡವರು ಒಂದೇ ಹಂಗಾಮಿಗೆ ಬೇಸತ್ತು ಮತ್ತೆ ಮರಕ್ಕೆ ಕೊಡಲಿ ಎತ್ತುತ್ತಾರೆ. ಅದಕ್ಕೇ ಈ ಬರಹ.

ತಪ್ಪು ಕಲ್ಪನೆ: ಒತ್ತಿದರೆ ಶಾಖ ಹೆಚ್ಚುತ್ತದೆ.

ವಾಸ್ತವ: ಹೆಚ್ಚುವುದಿಲ್ಲ. ಒಂದು ಕಿಲೋ ಒಣ ಹೊಟ್ಟಿನಲ್ಲಿ ಎಷ್ಟು ಶಾಖವಿತ್ತೋ ಒತ್ತಿದ ಮೇಲೂ ಅಷ್ಟೇ. ಭತ್ತದ ಹೊಟ್ಟು ಕಿಲೋಗೆ 3,000 ಕಿಲೋಕ್ಯಾಲೊರಿಗಿಂತ ತುಸು ಹೆಚ್ಚು ಕೊಟ್ಟರೆ, ಚೆನ್ನಾಗಿ ಒಣಗಿದ ಮರದ ಪುಡಿ 4,000ದ ಹತ್ತಿರ ಕೊಡುತ್ತದೆ. ಎರಡನ್ನೂ ಒತ್ತಿದರೂ ಈ ಅಂತರ ಹಾಗೇ ಉಳಿಯುತ್ತದೆ. ಒತ್ತುವುದರಿಂದ ಕುಗ್ಗುವುದು ಜಾಗ. ಒಂದು ಘನ ಮೀಟರಿನಲ್ಲಿ ಸಡಿಲ ಹೊಟ್ಟು 100 ಕಿಲೋ ಆಸುಪಾಸು ಹಿಡಿದರೆ, ಜೋಡಿಸಿಟ್ಟ ಬ್ರಿಕೆಟ್ 500–600 ಕಿಲೋ ಹಿಡಿಯುತ್ತದೆ. ಲಾರಿ ಬಾಡಿಗೆ ಉಳಿಯುವುದು ಇಲ್ಲಿ. ಇನ್ನೊಂದು ಲಾಭ ಒಣಗಿರುವುದು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದನ್ನು ಆವಿ ಮಾಡುವುದಕ್ಕೇ ಉರಿಯ ಒಂದು ಪಾಲು ಹೋಗುತ್ತದೆ. ಬ್ರಿಕೆಟ್‌ನಲ್ಲಿ ನೀರು ನೂರಕ್ಕೆ ಹತ್ತರ ಸುತ್ತಮುತ್ತ. ಹಸಿ ಸೌದೆಯ ಎದುರು ಅದು ಗೆಲ್ಲುವುದು ಈ ಕಾರಣಕ್ಕೆ. ವರ್ಷವಿಡೀ ಒಣಗಿಸಿಟ್ಟ ಸರ್ವೆ ಸೌದೆಯ ಎದುರು ಆ ಮೇಲುಗೈ ಇರುವುದಿಲ್ಲ.

ತಪ್ಪು ಕಲ್ಪನೆ: ಗಟ್ಟಿಯಾಗಲು ಅಂಟೋ ಸಗಣಿಯೋ ಬೇಕು.

ವಾಸ್ತವ: ಕೈಯಿಂದ ಒತ್ತುವ ಸಣ್ಣ ಅಚ್ಚಿಗೆ ಬೇಕು. ದೊಡ್ಡ ಯಂತ್ರಕ್ಕೆ ಬೇಡ. ಸಸ್ಯದ ನಾರಿನಲ್ಲೇ ಲಿಗ್ನಿನ್ ಎಂಬ ಅಂಶವಿದೆ. ಒತ್ತಡ ಮತ್ತು ತಿಕ್ಕಾಟದ ಬಿಸಿಗೆ ಅದು ಮೆತ್ತಗಾಗಿ, ತಣಿದಾಗ ಪುಡಿಯನ್ನೆಲ್ಲ ಹಿಡಿದಿಡುತ್ತದೆ. ಇಲ್ಲಿ ತೇವದ ಹದವೇ ಮುಖ್ಯ, 8ರಿಂದ 12 ಶೇಕಡಾ. ಹೆಚ್ಚಿದ್ದರೆ ಒಳಗಿನ ಆವಿ ದಿಮ್ಮಿಯನ್ನೇ ಒಡೆಯುತ್ತದೆ.

ತಪ್ಪು ಕಲ್ಪನೆ: ಸೌದೆಯ ಹಾಗೆ ಅಂಗಳದಲ್ಲಿ ಒಟ್ಟಬಹುದು.

ವಾಸ್ತವ: ಮಳೆ ಬಿದ್ದರೆ ಬ್ರಿಕೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಸೊಪ್ಪು ಬೇಯಿಸುವುದೇ ಆಷಾಢ–ಶ್ರಾವಣದ ಮಳೆಯಲ್ಲಿ. ಸೂರು ಬೇಕು, ನೆಲದಿಂದ ಎತ್ತರಿಸಿದ ಹಲಗೆಯೂ ಬೇಕು.

ತಪ್ಪು ಕಲ್ಪನೆ: ಇರುವ ಒಲೆಗೇ ಹಾಕಿದರೆ ಆಯಿತು, ಹೊಗೆಯೇ ಬರುವುದಿಲ್ಲ.

ವಾಸ್ತವ: ಬ್ಯಾರನ್ ಒಲೆ ಕಟ್ಟಿರುವುದು ಉದ್ದದ ಸೌದೆಗೆ. ಬ್ರಿಕೆಟ್‌ಗೆ ಕೆಳಗಿನಿಂದ ಗಾಳಿ ಹಾಯುವ ಕಬ್ಬಿಣದ ಜಾಲರಿ ಬೇಕು, ಬೂದಿ ಎಳೆಯಲು ದಾರಿ ಬೇಕು. ಮರದಲ್ಲಿ ಬೂದಿ ನೂರಕ್ಕೆ ಒಂದರಷ್ಟಾದರೆ, ಭತ್ತದ ಹೊಟ್ಟಿನಲ್ಲಿ ಇಪ್ಪತ್ತರ ಹತ್ತಿರ. ಜಾಲರಿಯಿಲ್ಲದ ಒಲೆಯಲ್ಲಿ ಆ ಬೂದಿಯೇ ಉರಿಯ ಕುತ್ತಿಗೆ ಹಿಸುಕುತ್ತದೆ. ಕೊನೆಯ ಹಂತದಲ್ಲಿ ಎಲೆಯ ದಂಟು ಒಣಗಲು 70 ಡಿಗ್ರಿ ಹತ್ತಿರದ ಶಾಖ ಬೇಕು. ಉರಿ ಕುಸಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಹೊಗೆಯ ಮಾತೂ ಇಷ್ಟೇ: ಗಾಳಿ ಸಾಲದಿದ್ದರೆ ಯಾವ ಇಂಧನವಾದರೂ ಹೊಗೆಯಾಡುತ್ತದೆ.

ತಪ್ಪು ಕಲ್ಪನೆ: ಕಸದಿಂದ ಮಾಡಿದ್ದು, ಯಾವತ್ತೂ ಅಗ್ಗ.

ವಾಸ್ತವ: ಇದಕ್ಕೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೈಲ ಕಂಪನಿ ಬಿಪಿಯ ಜೊತೆ ಸೇರಿ 2006ರ ಸುಮಾರಿಗೆ ‘ಊರ್ಜಾ’ ಒಲೆ ತಂದರು. ಸಣ್ಣ ಫ್ಯಾನ್ ಇದ್ದ, ಬೆಳೆಯ ಉಳಿಕೆಯ ಪೆಲೆಟ್ ಉರಿಸುವ ಒಲೆ ಅದು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮನೆ ಸೇರಿದವು. ಒಲೆ ಚೆನ್ನಾಗಿತ್ತು. ಆದರೆ ಹೊಟ್ಟು–ಸಿಪ್ಪೆಗೆ ಬೇರೆ ಉದ್ಯಮಗಳೂ ಕೈಚಾಚಿದಾಗ ಪೆಲೆಟ್ ಬೆಲೆ ಏರಿತು, ಮನೆಗಳು ಕೈಬಿಟ್ಟವು. ಇಂದು ಕಲ್ಲಿದ್ದಲಿನ ಜೊತೆ ಪೆಲೆಟ್ ಬೆರೆಸಿ ಉರಿಸಬೇಕೆಂದು ಉಷ್ಣ ವಿದ್ಯುತ್ ಸ್ಥಾವರಗಳಿಗೇ ಕೇಂದ್ರದ ನಿಯಮವಿದೆ. ಬೆಂಡು ಬಿಟ್ಟಿ ಸಿಗುವ ದಿನಗಳು ಮುಗಿಯುತ್ತಿವೆ. ರೈತರು ಅದನ್ನು ಸುಡದೆ ಕೂಡಿಟ್ಟು, ಊರಿನವರೇ ಸೇರಿ ಒತ್ತಿಸಿಕೊಂಡರೆ ಲಾಭ ಊರಲ್ಲೇ ನಿಲ್ಲುತ್ತದೆ.

ಎಲ್ಲವನ್ನೂ ಒಲೆಗೆ ಕೊಡಬಾರದು ಎಂಬುದನ್ನೂ ಸೇರಿಸಲೇಬೇಕು. ರಾಗಿ ಹುಲ್ಲು ದನದ ಪಾಲು. ಹಸಿ ಜೋಳದ ಕಡ್ಡಿ ರಸಮೇವಾಗಬೇಕು. ಪೊಟ್ಯಾಷ್ ತುಂಬಿದ ಕಾಫಿ ಹೊಟ್ಟಿನಲ್ಲಿ ಒಂದಷ್ಟು ಗೊಬ್ಬರವಾಗಿ ತೋಟಕ್ಕೇ ಮರಳಬೇಕು. ಬೆಂಡು ಮತ್ತು ಹತ್ತಿಕಡ್ಡಿಯನ್ನು ಮಾತ್ರ ಹಿಂಜರಿಯದೆ ಉರಿಸಿ ಎನ್ನುತ್ತೇನೆ. ಒಲೆಗಷ್ಟೇ ಅಲ್ಲ, ದನಕ್ಕೂ ಗುಳಿಗೆ ಒತ್ತುತ್ತಾರೆ. ಆ ಮೇವಿನ ಗುಳಿಗೆಯ ಬಗೆಗೂ ತಪ್ಪು ನಂಬಿಕೆಗಳಿವೆ.

ತಪ್ಪು ಕಲ್ಪನೆ: ಗುಳಿಗೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಒಳ್ಳೆಯ ಪಶು ಆಹಾರ.

ವಾಸ್ತವ: ಬೆಳ್ಳಗಿರುವುದೆಲ್ಲ ಹಾಲಲ್ಲ. ಭತ್ತ ಮಿಲ್ ಮಾಡಿದರೆ ತೌಡೂ ಬರುತ್ತದೆ, ಹೊಟ್ಟೂ ಬರುತ್ತದೆ. ತೌಡು ಹಸುವಿಗೆ ಒಳ್ಳೆಯದು. ಹೊಟ್ಟಿನಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ. ನುಣ್ಣಗೆ ಅರೆದು ಗುಳಿಗೆಯಲ್ಲಿ ಅಡಗಿಸಿದರೆ ಕಣ್ಣಿಗೆ ಕಾಣದು. ಅದಕ್ಕೇ ಬಿಐಎಸ್ ಮಾನದಂಡ 20–22 ಶೇಕಡಾ ಪ್ರೋಟೀನ್ ಇರಬೇಕೆಂದು ಹೇಳಿ ಸುಮ್ಮನಾಗುವುದಿಲ್ಲ, ‘ಆಮ್ಲದಲ್ಲಿ ಕರಗದ ಬೂದಿ’ಗೂ, ಅಂದರೆ ಇಂಥ ಸಿಲಿಕಾಗೂ, ಮಿತಿ ಹಾಕುತ್ತದೆ. ಕೊಳ್ಳುವಾಗ ಆ ಅಂಕಿ ಕೇಳಿ.

ತಪ್ಪು ಕಲ್ಪನೆ: ಹಬೆಯಲ್ಲಿ ಬೇಯಿಸಿ ಒತ್ತುವುದರಿಂದ ಬೂಷ್ಟಿನ ವಿಷ ಸಾಯುತ್ತದೆ.

ವಾಸ್ತವ: ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಗುಳಿಗೆ ಯಂತ್ರದ 70–80 ಡಿಗ್ರಿ ಬಿಸಿಗೆ ಹಲವು ರೋಗಾಣುಗಳು ಸಾಯುತ್ತವೆ, ಆದರೆ ಬೂಷ್ಟು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ನಾಶವಾಗುವುದಿಲ್ಲ. ಮಳೆಗೆ ಸಿಕ್ಕಿ ಒಣಗದ ಜೋಳ ಗುಳಿಗೆಯಾದರೆ ವಿಷ ಹಸುವಿನ ಹೊಟ್ಟೆಗೆ, ಅಲ್ಲಿಂದ ಹಾಲಿಗೆ, ಹಾಲಿನಿಂದ ಮಕ್ಕಳಿಗೆ. ಜೋಳವನ್ನು ಒಣಗಿಸುವ ಕಣವೇ ಇದಕ್ಕೆ ಮದ್ದು. ಹೊಗೆಸೊಪ್ಪಿನ ಕಡ್ಡಿ ಒತ್ತಿದ ಯಂತ್ರದಲ್ಲಿ ಮೇವು ಒತ್ತಲೇಬಾರದು, ನಿಕೋಟಿನ್ ದನಕ್ಕೆ ನೇರ ವಿಷ.

ತಪ್ಪು ಕಲ್ಪನೆ: ಗುಳಿಗೆ ಹಾಕಿದರೆ ಹುಲ್ಲು ಬೇಡ.

ವಾಸ್ತವ: ಮೆಲುಕು ಹಾಕಲು ನಾರು ಬೇಕೇ ಬೇಕು. ಹಸುವಿಗೆ ಮೈಪೋಷಣೆಗೆ ದಿನಕ್ಕೆ ಒಂದೂವರೆ–ಎರಡು ಕಿಲೋ, ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಗುಳಿಗೆ ಸಾಕು. ಹುಲ್ಲು ಕಡಿಮೆ ಮಾಡಿ ಗುಳಿಗೆ ಸುರಿದರೆ ಹೊಟ್ಟೆ ಹುಳಿಯಾಗಿ ಹಸು ಮೇವನ್ನೇ ಬಿಡುತ್ತದೆ.

ಈ ಹಂಗಾಮಿಗೆ ಬ್ರಿಕೆಟ್ ತರಿಸುವವರಲ್ಲಿ ಒಂದು ವಿನಂತಿ. ಯಾವುದರಿಂದ ಮಾಡಿದ್ದು, ತೇವ ಎಷ್ಟು, ಬೂದಿ ಎಷ್ಟು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಒಲೆಗೆ ಜಾಲರಿ ಹಾಕಿಸಿ, ಮೊದಲು ಒಂದು ಬ್ಯಾರನ್‌ಗೆ ಸಾಕಾಗುವಷ್ಟನ್ನೇ ತಂದು ಸೊಪ್ಪು ಬೇಯಿಸಿ ನೋಡಿ, ಆಮೇಲೆ ಲೋಡುಗಟ್ಟಲೆ ಕೊಳ್ಳಿ.