ಮೊದಲ ರೋಗಿಗಿಂತ ಮುಂಚೆ

ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ದಿನದ ಮೊದಲ ಚಿತ್ರ ಯಾವ ರೋಗಿಯದ್ದೂ ಅಲ್ಲ. ಅದರಲ್ಲಿ ಏನೂ ಕಾಣಬಾರದು. ಅಂಚಿನಿಂದ ಅಂಚಿನವರೆಗೆ ಒಂದೇ ಸಮನಾದ ಬೂದು ಬಣ್ಣವಿದ್ದರೆ ಮಾತ್ರ ಗಾಮಾ ಕ್ಯಾಮೆರಾ ಅಂದಿನ ಕೆಲಸಕ್ಕೆ ಸಿದ್ಧ.

1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹ್ಯಾಲ್ ಆಂಗರ್ ರೂಪಿಸಿದ ಈ ಯಂತ್ರದ ಜೀವಾಳ ಸೋಡಿಯಂ ಅಯೋಡೈಡ್‌ನ ಅಗಲವಾದ ಹರಳು. ದಪ್ಪ ಸುಮಾರು ಒಂದು ಸೆಂಟಿಮೀಟರ್. ಅದರ ಬೆನ್ನಿಗೆ ಹತ್ತಾರು ಫೋಟೋಮಲ್ಟಿಪ್ಲೈಯರ್ ಟ್ಯೂಬುಗಳು ಒತ್ತೊತ್ತಾಗಿ ಕೂತಿರುತ್ತವೆ. ಗಾಮಾ ಕಿರಣ ತಾಗಿದಲ್ಲಿ ಹರಳು ಮಿನುಗುತ್ತದೆ. ಹತ್ತಿರದ ಟ್ಯೂಬಿಗೆ ಹೆಚ್ಚು ಬೆಳಕು, ದೂರದ್ದಕ್ಕೆ ಕಡಿಮೆ. ಇವನ್ನು ಹೋಲಿಸಿಯೇ ಮಿನುಗಿದ ಜಾಗವನ್ನು ಲೆಕ್ಕ ಹಾಕುವುದು. ಹಾಗಾಗಿ ಒಂದು ಟ್ಯೂಬು ಮಂಕಾದರೆ ಆ ಜಾಗ ಕಪ್ಪಾಗುವುದಷ್ಟೇ ಅಲ್ಲ, ಸುತ್ತಲಿನ ಲೆಕ್ಕವೂ ತಪ್ಪುತ್ತದೆ. ಥೈರಾಯ್ಡ್ ಸ್ಕ್ಯಾನಿನಲ್ಲಿ, ರೋಗಿಗೆ ಕೊಟ್ಟ ವಿಕಿರಣ ಹೊಮ್ಮಿಸುವ ಔಷಧವನ್ನು ಹೀರದ ಗಂಟು ಮಸುಕಾದ ಕಲೆಯಾಗಿ ಕಾಣುತ್ತದೆ. ಸೋತ ಟ್ಯೂಬೂ ಅಂಥದೇ ಕಲೆ ಮೂಡಿಸಬಲ್ಲದು. ಇದು ಗಂಟೋ ಯಂತ್ರದ ದೋಷವೋ ಎಂದು ವೈದ್ಯರು ಹೇಗೆ ಹೇಳಬೇಕು?

ಅದನ್ನು ಮೊದಲೇ ತಿಳಿಯುವ ಪರೀಕ್ಷೆ ಸರಳ. ಕೋಬಾಲ್ಟ್-57 ಸಮನಾಗಿ ಹರಡಿರುವ ಹಲಗೆಯನ್ನು ಕ್ಯಾಮೆರಾದ ಮುಖಕ್ಕೆ ಇಡುತ್ತಾರೆ. ಇಲ್ಲವೇ ಹರಳಿನ ಮುಂದಿರುವ ಸೀಸದ ಜಾಲರಿಯನ್ನು (ಕೊಲಿಮೇಟರ್) ತೆಗೆದು, ಟೆಕ್ನೀಷಿಯಮ್-99ಎಂನ ಒಂದು ಹನಿಯನ್ನು ಕ್ಯಾಮೆರಾದ ನೋಟದಗಲದ ಐದು ಪಟ್ಟು ದೂರದಲ್ಲಿ ಇರಿಸುತ್ತಾರೆ. ಅಷ್ಟು ದೂರದಿಂದ ಕಿರಣಗಳು ಹರಳಿನ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. ಬಂದ ಚಿತ್ರದ ಪುಟ್ಟ ಚೌಕಗಳಲ್ಲಿ ದಾಖಲಾದ ಕಿರಣಗಳ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುತ್ತಾರೆ. 10,400 ಮತ್ತು 9,600 ಬಂದರೆ ಏರುಪೇರು ಶೇ. 4.

ಎಣಿಕೆ ಸಾಲದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ವಿಕಿರಣ ಹೊಮ್ಮುವುದೇ ಅನಿಯತವಾಗಿ. ಒಂದು ಚೌಕದಲ್ಲಿ 100 ಎಣಿಕೆಯಿದ್ದರೆ ಶೇ. 10ರಷ್ಟು ಏರಿಳಿತ ಸಹಜವಾಗಿಯೇ ಬರುತ್ತದೆ. 10,000 ಆದಾಗ ಅದು ಶೇ. 1ಕ್ಕೆ ಇಳಿಯುತ್ತದೆ. ಹೊರಗೆ ರೋಗಿಗಳು ಕಾಯುತ್ತಿರುವಾಗ ಎಣಿಕೆಯನ್ನು ಅರ್ಧಕ್ಕೇ ನಿಲ್ಲಿಸುವ ಆಸೆ ಬರುತ್ತದೆ. ಅದಕ್ಕೆ ಮಣಿಯಬಾರದು.

ಅಂಕಿ ಮಿತಿಯೊಳಗಿದ್ದರೂ ಚಿತ್ರವನ್ನು ಕಣ್ಣಿಟ್ಟು ನೋಡಲೇಬೇಕು. ದುಂಡನೆಯ ಮಬ್ಬು ಟ್ಯೂಬಿನ ಗುರುತು. ಎಳೆಯಂಥ ಕಪ್ಪು ಗೆರೆ ಕಂಡರೆ ಹರಳೇ ಬಿರುಕು ಬಿಟ್ಟಿರಬಹುದು. ಕೋಣೆಯ ಉಷ್ಣತೆ ಥಟ್ಟನೆ ಏರಿಳಿದರೂ ಅದು ಸೀಳುತ್ತದೆ, ಎ.ಸಿ.ಯನ್ನು ರಾತ್ರಿಯೂ ಆರಿಸದಿರುವುದು ಅದಕ್ಕೇ. ಕ್ಯಾಮೆರಾ ದೇಹದ ಸುತ್ತ ತಿರುಗುವ ಸ್ಪೆಕ್ಟ್ ಸ್ಕ್ಯಾನಿನಲ್ಲಂತೂ ಚಿಕ್ಕ ಕಲೆಯೂ ಉಂಗುರವಾಗಿ ಹರಡುತ್ತದೆ.

ಬೆಳಿಗ್ಗೆ ಬೇಗ ಸ್ಕ್ಯಾನಿಗೆ ಹೋದಾಗ "ಮೆಷಿನ್ ಟೆಸ್ಟ್ ಆಗ್ತಿದೆ, ಸ್ವಲ್ಪ ಕೂತಿರಿ" ಎಂದರೆ ದಯವಿಟ್ಟು ಅವಸರ ಮಾಡಬೇಡಿ. ಆ ನಿಮಿಷಗಳು ನಿಮ್ಮ ಚಿತ್ರಕ್ಕೇ ಸೇರಿದವು.